ಗೀರಲ್ಲ, ಬಿರುಕು

ಮಾನ್ಯ ನಿರ್ದೇಶಕರೇ,

'ಬೆಳಕಿಗೆ ಭಾರವಿಲ್ಲ' ಎಂದೇನೋ ಒಂದು ಸಾಲು ಓದಿದ ನೆನಪು, ಮುಂದಿನದು ಮರೆತಿದೆ. ನಿಜವೇ ಅದು? ನಮ್ಮ ಉಡಾವಣಾ ಅಂಗಳದ ಲೇಸರ್ ಬೆಳಕು ನೂರು ಟನ್ ಸರಕನ್ನು ಆಕಾಶಕ್ಕೆ ಎತ್ತುತ್ತದೆ. ಆ ಬೆಳಕೆಲ್ಲ ಬೀಳುವುದು ರಾಕೆಟ್ಟಿನ ತಳದ ಫಲಕದ ಮೇಲೆ. ಆರು ಸಲ ಹೋಗಿಬಂದ ಆ ಫಲಕವನ್ನು ಪರೀಕ್ಷಿಸಿ ನಾನು 'ಬಿರುಕು' ಎಂದು ಬರೆದೆ. ನೀವು ಅದನ್ನು 'ಗೀರು' ಎಂದು ತಿದ್ದಿ ನನ್ನ ಸಹಿಗೆ ಕಳಿಸಿದ್ದೀರಿ.

ಗೀರು ಉಜ್ಜಿದರೆ ಹೋಗುತ್ತದೆ. ಬಿರುಕು ಒಳಗೊಳಗೇ ಬೆಳೆಯುತ್ತದೆ. ಫಲಕದ ಮೇಲೆ ನಿಮ್ಮ ಉಗುರನ್ನೇ ಒಮ್ಮೆ ಆಡಿಸಿ ನೋಡಿ, ಸಿಕ್ಕಿಕೊಳ್ಳುತ್ತದೆ.

ಈ ಸಲ ಸರಕಿನ ಜೊತೆ ನಾಲ್ವರು ಕೂರುತ್ತಾರೆ. ನಾನು ಸಹಿ ಹಾಕುವುದಿಲ್ಲ. ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ. ನನ್ನ ಮೇಜಿನ ಮೇಲಿರುವ ಭೂತಗನ್ನಡಿಯನ್ನು ಮಾತ್ರ ಮನೆಗೆ ಕಳಿಸಿಕೊಡಿ. ಅದು ನನ್ನ ಸ್ವಂತದ್ದು.

ಇತಿ,
ಫಲಕ ಪರೀಕ್ಷಕಿ

ತಾ.ಕ.: ಇದನ್ನು ಓದಿ ಹೇಳಿದಾಗ ನಮ್ಮ ರಾಕೆಟ್ಟನ್ನು ಎತ್ತಿ ನಿಲ್ಲಿಸುವ ಎದುರುಮನೆಯ ಕ್ರೇನ್ ಚಾಲಕ ಬಾಗಿಲಲ್ಲೇ ನಿಂತು ಹೇಳಿದ: "ಅಕ್ಕಾ, ಇದನ್ನೂ ಸೇರಿಸಿ. ನೀವು ಸಹಿ ಹಾಕೋವರೆಗೂ ನನ್ನ ಕ್ರೇನ್ ಏಳಲ್ಲ. ಯಾಕೆ ಏಳಲ್ಲ ಅನ್ನೋದಕ್ಕೆ ಸಾಹೇಬ್ರೇ ಒಂದು ಪದ ಹುಡುಕ್ಲಿ, ಅದ್ರಲ್ಲಿ ಅವ್ರ ಕೈ ಪಳಗಿದೆ."