ಹಿಮದ ಹಲಗೆಗೆ ಇಸ್ತ್ರಿ

ಜನವರಿ 6, 2004. ಮಧ್ಯಾಹ್ನ

ಇವತ್ತೂ ಬೆಡ್‌ಶೀಟ್ ರಾಶಿ. ಓಂ ಬೀಚಿನ ಅರ್ಧ ಮರಳು ಇವುಗಳಲ್ಲೇ ಇದೆ. ಕೆಂಡ ತುಂಬಿ, ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಬಾಳೆಎಲೆ ಉಜ್ಜಿದ್ದಷ್ಟೇ, ಗೆಸ್ಟ್ ಹೌಸ್ ಓನರ್ ಮಾಬ್ಲೇಶ್ವರಣ್ಣ ಒಂದು ಉದ್ದ ಹಲಗೆ ಹೊತ್ತು ತಂದ. ಫಾರಿನ್ ಹುಡುಗಿ ಕಾರಿನ್‌ಳದು. ಹೊಚ್ಚ ಹೊಸದು. ಮುಂದಿನ ತಿಂಗಳು ಹಿಮಾಲಯಕ್ಕೆ ಹೋಗಿ, ಇದರ ಮೇಲೆ ನಿಂತು ಹಿಮದಲ್ಲಿ ಜಾರುತ್ತಾಳಂತೆ. ತಳಕ್ಕೆ ಮೇಣ ಕರಗಿಸಿ ಇಸ್ತ್ರಿ ಹಾಕಬೇಕು. ಇಸ್ತ್ರಿ ಅಂದ ಮೇಲೆ ನನ್ನನ್ನು ಬಿಟ್ಟರೆ ಯಾರು?

ಬೆಳಿಗ್ಗೆ ಮನೆಯಲ್ಲಿ ಅಣ್ಣ ಗಣಪನದು ಅದೇ ರಾಗ. ಗಂಡನ ಮನೆಗೆ ಹೋಗು, ಸಂಜಯ ಹೊನ್ನಾವರದಿಂದ ದಿನಾ ಫೋನ್ ಮಾಡಿ ಅಳುತ್ತಾನೆ... ಅಳಲಿ. ನಾಲ್ಕು ವರ್ಷ ಬೆಲ್ಟಿನಲ್ಲಿ ಹೊಡೆದವನಿಗೆ ಈಗ ಕಣ್ಣೀರು. ಸತ್ತರೂ ಹೋಗುವುದಿಲ್ಲ.

ಅದೇ ದಿನ, ಸಂಜೆ

ಸುಟ್ಟೆ. ನೀರು ಚಿಮುಕಿಸಿದರೆ ಚುರ್ ಅನ್ನಬೇಕು, ಆಗಲೇ ಕಾಟನ್ ಮಣಿಯುವುದು — ಅದೇ ಲೆಕ್ಕದಲ್ಲಿ ಹಲಗೆಗೂ ಇಟ್ಟೆ. ಮೇಣ ಹೊಗೆಯಾಯಿತು. ಹಲಗೆಯ ತಳದಲ್ಲಿ ಅಂಗೈಯಗಲ ಗುಳ್ಳೆ ಎದ್ದಿತು.

ಮಾಬ್ಲೇಶ್ವರಣ್ಣ ಹೊಡೆಯಲು ಕೈ ಎತ್ತಿದ. ನಾನು ಇಸ್ತ್ರಿ ಪೆಟ್ಟಿಗೆ ಎತ್ತಿದೆ. ಅವನೇ ಮೊದಲು ಇಳಿಸಿದ.

ಕಾರಿನ್ ಹಲಗೆ ನೋಡಿ ಅವಳ ಭಾಷೆಯಲ್ಲಿ ಏನೋ ಬೈದಳು. ಆಮೇಲೆ ನನ್ನ ಮುಖ ನೋಡಿದಳು. ಪಕ್ಕದಲ್ಲಿ ಕೂತು ಪೆಟ್ಟಿಗೆಯಿಂದ ಅರ್ಧ ಕೆಂಡ ಹೊರಗೆ ತೆಗೆಸಿದಳು.

ಜನವರಿ 9

ಈಗ ಗೊತ್ತಾಯಿತು. ಅರ್ಧ ಕೆಂಡ ಸಾಕು. ಪೆಟ್ಟಿಗೆ ಒಂದು ಕಡೆ ನಿಲ್ಲಬಾರದು, ಓಡುತ್ತಲೇ ಇರಬೇಕು. ಆರಿದ ಮೇಲೆ ಮೇಣ ಹೆರೆಯಬೇಕು. ಗುಳ್ಳೆ ಎದ್ದ ಜಾಗಕ್ಕೆ ಅವಳೇ ಏನೋ ತುಂಬಿ ಸಮ ಮಾಡಿದಳು.

ಇವತ್ತು ಹಲಗೆಯ ಅಂಚಿಗಿರುವ ಉಕ್ಕಿನ ಪಟ್ಟಿಗೆ ಅರ ಹಾಕಿ ಹರಿತ ಮಾಡಿದೆವು. ನನ್ನ ಬೆರಳು ಕೊಯ್ಯಿತು. ಜಾರುವುದಕ್ಕೆ ಇಷ್ಟು ಹರಿತ ಯಾಕೆ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಜಾರುವುದಕ್ಕಲ್ಲ, ನಿಲ್ಲುವುದಕ್ಕೆ ಅಂದಳು. ಅಂಚು ಮಂಜುಗಡ್ಡೆ ಕಚ್ಚದಿದ್ದರೆ ಕೆಳಗೆ ಹೆಣವೇ. ರಕ್ತ ಸೀರೆಗೆ ಒರೆಸಿಕೊಂಡು ಮತ್ತೆ ಅರ ಹಿಡಿದೆ. ಬಹಳ ದಿನಗಳ ಮೇಲೆ ಖುಷಿಯಾಯಿತು.

ಜನವರಿ 17

ಸಂಜಯ ಬಂದ. ಗೆಸ್ಟ್ ಹೌಸಿಗೇ. ದಾರಿ ಹೇಳಿದ್ದು ಯಾರು — ಗಣಪ ಅಲ್ಲದೆ ಮತ್ಯಾರು.

ಹಲಗೆಗೆ ಕೊನೆಯ ಕೋಟ್ ಮೇಣ ಹಾಕುತ್ತಿದ್ದೆ. ಮಾತಿಲ್ಲ ಕತೆಯಿಲ್ಲ, ಹಲಗೆಯನ್ನು ಒದ್ದ. ಜಡೆ ಹಿಡಿದು ಮರಳಿನ ಮೇಲೆ ಎಳೆದ. ಬಾಯೊಳಗೆ ಮರಳು. ಮಾಬ್ಲೇಶ್ವರಣ್ಣ ಗಂಡ ಹೆಂಡಿರ ವಿಷಯ ಎಂದು ಒಳಗೆ ಹೋದ. ಕಾರಿನ್ ಅವನ ಶರ್ಟ್ ಹಿಡಿದು ಎಳೆದಳು. ಅವಳ ಮುಖಕ್ಕೆ ಗುದ್ದಿದ.

ಇಸ್ತ್ರಿ ನನ್ನ ಕೈಯಲ್ಲೇ ಇತ್ತು. ಜಡೆ ಹಿಡಿದ ತೋಳಿನ ಮೇಲೆ ಒತ್ತಿದೆ. ಬಿಡುವವರೆಗೂ ಒತ್ತಿದೆ. ಚರ್ಮ ತಳಕ್ಕೆ ಅಂಟಿಕೊಂಡು ಬಂತು. ಕರುವಿನ ಹಾಗೆ ಕೂಗಿದ.

ಅರ್ಧ ಕೆಂಡ, ಅದಕ್ಕೇ ತೋಳು ಉಳಿಯಿತು. ಬೆಡ್‌ಶೀಟಿನ ದಿನ ಬಂದಿದ್ದರೆ ಎಲುಬು ಕಾಣುತ್ತಿತ್ತು. ಪುಣ್ಯವಂತ.

ಜನವರಿ 18, ಹಿರೇಗುತ್ತಿಯ ಮನೆ

ನಿನ್ನೆಯೇ ಮಾಬ್ಲೇಶ್ವರಣ್ಣ ಇನ್ನು ಬರಬೇಡ ಅಂದ. ಇಸ್ತ್ರಿ ಪೆಟ್ಟಿಗೆ ನನ್ನದು, ಮನೆಗೆ ಹೊತ್ತು ತಂದೆ. ಕಾರಿನ್ ಒಡೆದ ತುಟಿಯಲ್ಲೇ ಟೆಂಪೋ ತನಕ ಬಂದಳು.

ಗಣಪ ಈಗ ಬಂದ. ಹೊನ್ನಾವರಕ್ಕೆ ಹೋಗಿದ್ದನಂತೆ.

“ಪಾಪ, ತೋಳೆಲ್ಲ ಬೊಬ್ಬೆ ಎದ್ದದೆ. ಲೋಳೆಸರ ಹಚ್ಚಿ ಬಂದೆ” ಅಂದ.

“ನಾಕು ವರ್ಷ ನನ್ನ ಬೆನ್ನಿಗೆ ಎಂತ ಹಚ್ಚಿದೆ?”

ಅವನು ಮೊಳೆಯಿಂದ ಚೀಲ ತೆಗೆದ. “ಗಂಡಸು ಅಂದ್ರೆ ಹಂಗೇಯ. ಹೊಂದ್ಕಂಡು ಹೋಗ್ಬೇಕು ವಿನುತಾ. ಇವತ್ತು ಅವ್ರ ಕಡೆ ಜನ ಬತ್ತಾರೆ. ಮಾತು ಕೊಟ್ಟು ಆತು.”

ನನ್ನ ಸೀರೆಗಳನ್ನು ಅವನೇ ಚೀಲಕ್ಕೆ ತುಂಬಿದ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಅಣ್ಣ. ಅವನನ್ನು ಇವತ್ತಿನಷ್ಟು ಯಾವತ್ತೂ ದ್ವೇಷಿಸಿಲ್ಲ.

ಒಲೆಯ ಮುಂದೆ ಕೂತು ಬರೆಯುತ್ತಿದ್ದೇನೆ. ಪೆಟ್ಟಿಗೆಗೆ ಪೂರ್ತಿ ಕೆಂಡ ತುಂಬಿದ್ದೇನೆ. ಅಂಗಳದಲ್ಲಿ ಜೀಪ್ ನಿಂತಿತು. ಮೂರ್ನಾಲ್ಕು ಗಂಡಸರ ದನಿ, ಅದರಲ್ಲಿ ಸಂಜಯನದೂ ಇದೆ. ಗಣಪ ಎದ್ದು ಚಿಲಕ ತೆಗೆದ.

“ಬನ್ನಿ ಭಾವ, ಒಳಗೇ ಅವ್ಳೆ.”

ಪೆನ್ ಇಡುತ್ತೇನೆ. ಇಸ್ತ್ರಿ ಹಿಡಿಯಲು ಕೈ ಖಾಲಿ ಬೇಕು.