ಕಣದ ದಿನದ ಬೆಲ್ಲ

೫ ಫೆಬ್ರುವರಿ ೧೯೬೨, ಮೂಡಲಗಿ. ಸಾಲಿ ಬಿಟ್ಟ ಮೇಲೆ

ಮತ್ತೆ ಅದೇ ಪುಟ. ಮೊದಲ ಸಾಲು ಬರೆದೆ, ಹೊಡೆದೆ, ಬರೆದೆ. ‘ಗ್ರಾಮವು ಒಂದು ಶರೀರ, ಪ್ರತಿಯೊಂದು ಜಾತಿಯೂ ಅದರ ಅಂಗ. ಈ ಥಿಯರಿಯನ್ನು ವಿಮರ್ಶಿಸಿರಿ.’ ಅಲ್ಲಪ್ಪ ಸರ್ ಕೊಟ್ಟ ಪ್ರಶ್ನೆ. ವಿಮರ್ಶೆ ಎಂದರೆ ಎಷ್ಟು ಹೊಗಳಬೇಕು, ಎಷ್ಟು ಬೈಯಬೇಕು... ಯಾರನ್ನು ಕೇಳಲಿ? ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು, ದನ ಕಾಯ್ದು, ಮತ್ತೆ ಸೇರಿ, ಹೇಗೋ ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರನಾದವ. ಈಗ ಮನೆಯಲ್ಲೇ ಓದಿ ಬಿ.ಎ. ಕಟ್ಟಿದ್ದೇನೆ. ನಾನು ತಪ್ಪಿಸಿಕೊಂಡ ವರ್ಷಗಳಲ್ಲೇ ಇದನ್ನೆಲ್ಲ ಹೇಳಿಕೊಟ್ಟರೇನೋ ಎಂಬ ಭಯ.

ಸರ್ ಹುಕ್ಕೇರಿಯವರು. ರವಿವಾರ ನನ್ನಂಥ ಮಾಸ್ತರರನ್ನು ತಮ್ಮ ಪಡಸಾಲೆಯಲ್ಲಿ ಕೂಡಿಸಿ ಪುಕ್ಕಟೆ ಪಾಠ ಹೇಳುತ್ತಾರೆ. ನಾನು ಪರೀಕ್ಷೆಗೆ ಕೂಡಲೇಬೇಕೆಂದು ಹಟ ಹಿಡಿದವರೂ ಅವರೇ. ಈ ಥಿಯರಿ ಅವರಿಗೆ ಬಲು ಪ್ರೀತಿ. ತಪ್ಪು ಹುಡುಕಿದರೆ ಉಪಕಾರ ಮರೆತಂತೆ ಅಲ್ಲವೇ?

ಇನ್ನೊಂದು. ಅಲ್ಲಿ ಎಲ್ಲರೂ ಒಂದೇ ತಾಟಿನ ಚುರಮುರಿ ತಿನ್ನುತ್ತೇವೆ. ನನ್ನದು ಯಾವ ಕೇರಿ ಎಂದು ಯಾರೂ ಕೇಳಿಲ್ಲ. ನಾನೂ ಹೇಳಿಲ್ಲ.

೮ ಫೆಬ್ರುವರಿ

ಬರೆದು ಮುಗಿಯಿತು! ಪುಸ್ತಕದ ಆಧಾರ ಆಯದ ಪದ್ಧತಿ. ವರ್ಷವಿಡೀ ದುಡಿದವರಿಗೆ ರಾಶಿಯ ದಿನ ರೈತ ಕಣದಲ್ಲಿ ಜೋಳ ಕೊಡುವುದು. ಕೊಡುವವನಿಗೂ ಪಡೆಯುವವನಿಗೂ ತೃಪ್ತಿ, ಅದಕ್ಕೇ ಊರು ಉಳಿಯಿತು ಎಂಬ ವಾದ.

ನನಗೂ ಉದಾಹರಣೆ ಸಿಕ್ಕಿತು. ಕೊಣ್ಣೂರಲ್ಲಿ ಅವ್ವ ಶಿದ್ಲಿಂಗಪ್ಪನವರ ಮನೆತನಕ್ಕೆ ದುಡಿಯುತ್ತಿದ್ದಳು. ಆಯದ ದಿನ ಅವರು ತಾವೇ ನನ್ನನ್ನು ಕಬ್ಬಿನ ಗಾಣದ ಕಡೆ ಕರೆದೊಯ್ದು, ಕಬ್ಬಿನ ತುಂಡನ್ನು ಬಿಸಿ ಬೆಲ್ಲದಲ್ಲಿ ಅದ್ದಿ ಕೊಡುತ್ತಿದ್ದರು. ಪ್ರತಿ ವರ್ಷ. ನಾಲಿಗೆ ಸುಟ್ಟರೂ ಬಿಡುತ್ತಿರಲಿಲ್ಲ ನಾನು. ಬಾಲ್ಯದಲ್ಲಿ ಅಷ್ಟು ಸಿಹಿ ದಿನ ಬೇರೆ ಇಲ್ಲ.

‘ಒಂದು ಕುಟುಂಬದಲ್ಲಿ’ ಎಂದು ಬರೆದೆ. ನಮ್ಮದೆಂದು ಬರೆಯಲಿಲ್ಲ. ಥಿಯರಿ ಸರಿ, ಸರ್ ಖುಷಿ, ನಾನು ಪಾರು.

೧೧ ಫೆಬ್ರುವರಿ, ಕೊಣ್ಣೂರ

ಇಂದು ಪಾಠವಿಲ್ಲ, ಅವ್ವನ ಹತ್ತಿರ ಬಂದೆ. ರೊಟ್ಟಿ ಬಡಿಯುತ್ತಿದ್ದಳು. ಓದಿ ಹೇಳಿದೆ. ಬೆಲ್ಲದ ಮಾತು ಬಂತು — ಕೈ ನಿಂತಿತು.

“ಬೆಲ್ಲ ನೆನಪೈತಿ. ಕಣ ನೆನಪೈತೇನೊ?”

ನೆನಪು ಮಾಡಿಕೊಂಡೆ. ಇಲ್ಲ. ಆಯ ಕೊಡುವುದನ್ನು ನಾನು ಒಮ್ಮೆಯೂ ನೋಡಿಲ್ಲ.

“ಹೆಂಗ ಇದ್ದೀತು? ನಾನ ಶಿದ್ಲಿಂಗಪ್ಪಗ ಹೇಳಿದ್ನಿ. ಆ ಹೊತ್ತಿನ್ಯಾಗ ನನ್ನ ಮಗನ್ನ ಕಣದ ಕಡೆ ಬರಗೊಡಬ್ಯಾಡ್ರಿ ಅಂತ.”

ಉಳಿದದ್ದನ್ನು ರೊಟ್ಟಿ ಬಡಿಯುತ್ತಲೇ ಹೇಳಿದಳು. ಎಲ್ಲರದೂ ಮುಗಿದ ಮೇಲೆ ನಮ್ಮ ಕೇರಿಯವರ ಪಾಳಿ. ಕಣದ ಹೊರಗೆ ಬಗ್ಗಿ ಸೆರಗು ಒಡ್ಡಿ ನಿಲ್ಲಬೇಕು. ಶಿದ್ಲಿಂಗಪ್ಪನವರ ಅಣ್ಣ ದೂರದಿಂದ, ಮೇಲಿನಿಂದ, ಗುಡಿಸಿದ ಜೋಳ ಸುರುವುತ್ತಿದ್ದ. ಮಣ್ಣೂ ಹೊಟ್ಟೂ ಕೂಡಿದ್ದು. ಸೆರಗು ತುಂಬಲಿ ಬಿಡಲಿ, ‘ತುಂಬೇತ್ರಿ ಧಣ್ಯಾರ’ ಎಂದು ಕೂಗಿ ಹೇಳಬೇಕು. ಹೇಳಿದರೆ ಮುಂದಿನ ವರ್ಷವೂ ಉಂಟು.

ಪುಸ್ತಕದವರು ಕೇಳಿಸಿಕೊಂಡ ತೃಪ್ತಿ ಇದೇ ಇರಬೇಕು.

ಸಿಟ್ಟು ಬಂತು ನನಗೆ. ಆ ಬೆಲ್ಲದ ಮೇಲೂ. ಹಾಗೆಂದೆ. ಅವ್ವನಿಗೆ ಅದು ಸೇರಲಿಲ್ಲ.

“ಅಂವಾ ಛಲೋ ಮನಷ್ಯಾ. ಅವಗೂ ನೋಡಾಕ ಆಗತಿದ್ದಿಲ್ಲ, ಅದಕ್ಕ ನಿನ್ನ ಕರಕೊಂಡು ಹೋಗತಿದ್ದ. ಕಣಾನೂ ಬರಿ, ಬೆಲ್ಲಾನೂ ಬರಿ. ಬೆಲ್ಲ ಬಿಟ್ಟಿ ಅಂದ್ರ ನಿನಗ ಇವತ್ತ ರೊಟ್ಟಿ ಬಂದ್.”

ಉಂಡೆ. ಹೊಟ್ಟೆ ತುಂಬ.

೧೮ ಫೆಬ್ರುವರಿ, ಹುಕ್ಕೇರಿ

ಹೊಸದಾಗಿ ಬರೆದದ್ದನ್ನು ಸರ್ ಕೈಗೆ ಕೊಟ್ಟು ಬಸ್ ನಿಲ್ದಾಣಕ್ಕೆ ಓಡಿ ಬಂದೆ. ಥಿಯರಿ ತಪ್ಪು ಎಂದಿದ್ದೇನೆ. ಅಂಗಗಳು ಒಪ್ಪಿದವೆಂದು ಹೇಳುವವರು, ಒಪ್ಪದಿದ್ದರೆ ಅವಕ್ಕೇನಾಗುತ್ತಿತ್ತು ಎಂದು ಕೇಳಿಲ್ಲ ಎಂದಿದ್ದೇನೆ. ಬೆಲ್ಲವನ್ನೂ ಬರೆದಿದ್ದೇನೆ. ಈಗಲೂ ‘ಒಂದು ಕುಟುಂಬ’ವೇ. ಬರೆಯಬಾರದಿತ್ತೇನೋ.

೨೫ ಫೆಬ್ರುವರಿ

ಪಾಠ ಮುಗಿದ ಮೇಲೆ ಸರ್ ನನ್ನೊಬ್ಬನನ್ನೇ ನಿಲ್ಲಿಸಿಕೊಂಡರು. ಬೈಗುಳಕ್ಕೆ ತಯಾರಾಗಿ ನಿಂತೆ.

“ಮಾಯಪ್ಪ, ಇಷ್ಟು ವರ್ಷ ಇದನ್ನ ಕಲಿಸೇನಿ, ಈ ಪ್ರಶ್ನೆ ನನಗ ಹೊಳೀಲಿಲ್ಲ. ಮುಂದಿನ ರವಿವಾರ ಎಲ್ಲಾರ ಮುಂದ ನೀವ ಓದ್ರಿ.” ಆಮೇಲೆ ಸಣ್ಣ ದನಿಯಲ್ಲಿ, “ಖರೆ, ಈ ಕುಟುಂಬ ಯಾರದು? ಯಾರರೆ ಕೇಳಿದ್ರ ಏನ್ ಹೇಳ್ತೀರಿ?”

ಹಾಳೆಗಳನ್ನು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ. ಅವರು ಒತ್ತಾಯಿಸಲಿಲ್ಲ. ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಇಂಥ ಗುರು ಸಿಕ್ಕಿದ್ದು ಯಾವ ಪುಣ್ಯ!

ಆದರೆ ಆ ಚುರಮುರಿ ತಾಟು. ಬಸ್ಸಿನುದ್ದಕ್ಕೂ ತಾಟೇ ಕಣ್ಣ ಮುಂದೆ.

೪ ಮಾರ್ಚ್, ಹುಕ್ಕೇರಿ. ಸರ್ ಪಡಸಾಲೆ

ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದೇನೆ. ‘ಒಂದು ಕುಟುಂಬ’ ಹೊಡೆದು ಹಾಕಿದೆ. ಮೇಲೆ ಬರೆದೆ: ‘ನನ್ನ ತಾಯಿ, ಕೊಣ್ಣೂರಿನ ಗುಡ್ಡವ್ವ.’ ಜಾಗ ಸಾಲದೆ ಅಕ್ಷರ ಸೊಟ್ಟ. ಇರಲಿ, ಓದಲು ಬರುತ್ತದೆ.

ಮಾಸ್ತರರು ಬರುತ್ತಿದ್ದಾರೆ. ಚುರಮುರಿ ತಾಟು ನಡುವೆ ಬಂತು. ಓದಿದ ಮೇಲೆ ಯಾರ ಕೈ ಅದರತ್ತ ಬರುತ್ತದೋ, ಯಾರದು ಇಲ್ಲವೋ... ಸರ್ ತಮ್ಮ ಚಾಪೆಯನ್ನು ನನ್ನ ಬಾಜೂಕ್ಕೆ ಎಳೆದುಕೊಂಡರು. ಅವರು ಯಾವತ್ತೂ ಈ ಕಡೆ ಕೂರುವವರಲ್ಲ. ಸುರು ಮಾಡ್ರಿ ಎನ್ನುತ್ತಿದ್ದಾರೆ. ಅವ್ವ, ನಿನ್ನ ಹೆಸರು ಮೊದಲ ಸಾಲಿನಲ್ಲೇ —