ಎರಡನೇ ತಿರುವಿನಲ್ಲಿ ನಿಲ್ಲಿಸಿದವರು

ಮೇ 10, ಶನಿವಾರ. ಆಲ್ಡರ್‌ವೌಡ ರೇಸ್ ಸರ್ಕ್ಯೂಟ್, ಮಧ್ಯಾಹ್ನ

ಮತ್ತೆ ಪಾಸ್ ಕೇಳಿದರು. ಕುತ್ತಿಗೆಯಲ್ಲೇ ನೇತಾಡುತ್ತಿದೆ, ಪ್ರೆಸ್ ಎಂದು ದಪ್ಪ ಅಕ್ಷರದಲ್ಲಿದೆ. ಆದರೂ ಗೇಟಿನವನು ನನ್ನ ತಲೆಯ ಸ್ಕಾರ್ಫ್ ನೋಡಿ, "ಅತಿಥಿಗಳಿಗೆ ಆ ಕಡೆ, ಮೇಡಂ" ಎಂದ. ಹೋದ ವಾರ ಇಟಲಿಯಲ್ಲೂ ಇದೇ. ಅದಕ್ಕೆ ಮುಂಚೆ ಹಂಗೆರಿಯಲ್ಲೂ. ವರ್ಷಗಳಿಂದ ಯೂರೋಪಿನ ಕಾರ್ ರೇಸ್‌ಗಳ ಬಗ್ಗೆ ಬರೆಯುತ್ತಿದ್ದೇನೆ; ಇವರ ಕಣ್ಣಿಗೆ ಇನ್ನೂ ಯಾರದೋ ಹೆಂಡತಿ.

ಯತಿರಾಜ್ ಸಾರ್ ನಕ್ಕರು. ಮೈಸೂರಿನವರು, ನಮ್ಮ ಸುದ್ದಿ ವೆಬ್‌ಸೈಟಿನ ಫೋಟೋಗ್ರಾಫರ್. ಈಗ ಅವರಿರುವ ವೂರ್‌ಬರ್ಗ್‌ನಿಂದ ಕಾರಿನಲ್ಲಿ ಬಂದು, ನನ್ನ ಮನೆಯಿರುವ ಆಮ್ಸ್ಟೆಲ್‌ವೀನ್‌ನಲ್ಲಿ ನನ್ನನ್ನು ಹತ್ತಿಸಿಕೊಳ್ಳುತ್ತಾರೆ. ಪೆಟ್ರೋಲ್ ಬಂಕಿನ ಒಣ ಸ್ಯಾಂಡ್‌ವಿಚ್ ತಿಂದುಕೊಂಡು, ಅಗ್ಗದ ಹೋಟೆಲುಗಳ ಹೀಟರ್ ಮೇಲೆ ಬಟ್ಟೆ ಒಣಗಿಸಿಕೊಂಡು ಅರ್ಧ ಯೂರೋಪ್ ಸುತ್ತಿದ್ದೇವೆ ಇಬ್ಬರೂ.

"ಕೋಪಾನ ಆರ್ಟಿಕಲ್‌ಗೆ ಇಟ್ಕೊಳಮ್ಮ," ಎಂದರು.

ಇಟ್ಟುಕೊಂಡಿದ್ದೇನೆ. ಬೇಕಾದಷ್ಟಿದೆ.

ಇನ್ನೊಂದು. ಎರಡನೇ ತಿರುವಿನಲ್ಲಿ ಫೋಟೋಗ್ರಾಫರ್‌ಗಳ ಮುಂದೆ ರಕ್ಷಣೆಗೆ ಪೇರಿಸಿರುತ್ತಿದ್ದ ಟೈರ್ ಗೋಡೆ ಈ ಸಲ ಇಲ್ಲ. ಸ್ಪಾನ್ಸರ್ ಬೋರ್ಡ್ ಕಾಣಲಿ ಎಂದು ತೆಗೆದಿದ್ದಾರೆ. ಉಳಿದಿರುವುದು ಮೊಣಕಾಲೆತ್ತರದ ಕಾಂಕ್ರೀಟ್ ಕಟ್ಟೆ. ಸಂಘಟಕರ ಮೀಡಿಯಾ ಆಫೀಸರ್ ರೂಬೆನ್ ತಾನೇ ನಮ್ಮನ್ನು ಕರೆದೊಯ್ದು ನಿಲ್ಲಿಸಿದ. "ನಾಳೆ ರೇಸಿಗೂ ಇಲ್ಲೇ ನಿಲ್ಲಿ. ಬೋರ್ಡೂ ಫ್ರೇಮಿನಲ್ಲಿ ಬರುತ್ತದೆ."

"ಕಾರು ಬಂದರೆ ನಾವು ಎಲ್ಲಿಗೆ ಓಡುವುದು?" ಸಾರ್ ಕೇಳಿದರು.

"ಇಲ್ಲಿಗೆ ಬರುವುದಿಲ್ಲ," ಎಂದ. ಹೋದ.

ಮೇ 13, ಮಂಗಳವಾರ. ಮನೆ

ಬರೆಯಬೇಕು. ಇಲ್ಲದಿದ್ದರೆ ಯಾರ ಮೇಲಾದರೂ ಕೈ ಮಾಡುತ್ತೇನೆ.

ಭಾನುವಾರ. ರೇಸ್ ಆಗಷ್ಟೇ ಶುರುವಾಗಿತ್ತು. ಎರಡು ಕಾರುಗಳು ತಾಗಿದವು. ಒಂದರ ಚಕ್ರ ಕಳಚಿತು, ಪುಟಿಯಿತು, ಕಟ್ಟೆ ದಾಟಿತು. ಕ್ಯಾಮೆರಾ ಕಣ್ಣಿಗಿಟ್ಟುಕೊಂಡೇ ಸಾರ್ ಬಿದ್ದರು. ನಾನು ಪಕ್ಕದಲ್ಲೇ ಇದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವರು ಕೂಗಲಿಲ್ಲ. ಕೂಗಿದ್ದು ನಾನು. ಎಡಗಾಲು... ಬೇಡ. ಅದನ್ನು ಬರೆಯಲಾರೆ.

ಹೆಲಿಕಾಪ್ಟರ್ ಇನ್ನೂ ಆಕಾಶದಲ್ಲಿ ಕಾಣುತ್ತಿತ್ತು, ಅಷ್ಟರಲ್ಲಿ ಇಂಜಿನ್‌ಗಳು ಮತ್ತೆ ಗುಡುಗಿದವು. ರೇಸ್ ಮುಂದುವರಿಸಿದರು! ಗೆದ್ದವರು ಶಾಂಪೇನ್ ಎರಚಿಕೊಂಡರು. ಲೌಡ್‌ಸ್ಪೀಕರಿನಲ್ಲಿ ಹಾಡು. ನನ್ನ ತೋಳಿನ ಮೇಲೆ ಅವರ ರಕ್ತ.

ನಿನ್ನೆ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಮೇ 14, ಬುಧವಾರ. ಬೆಳಿಗ್ಗೆ

ಸಂಘಟಕರ ಹೇಳಿಕೆ: "ಫೋಟೋಗ್ರಾಫರ್ ಅನುಮತಿ ಇಲ್ಲದ ಜಾಗದಲ್ಲಿ ನಿಂತಿದ್ದರು."

ಥೂ.

ಅದಕ್ಕಿಂತ ಹೇಸಿಗೆ ನಮ್ಮ ಸೈಟಿನಲ್ಲಿದೆ. ಆಸ್ಪತ್ರೆಯಲ್ಲಿ ಕೂತೇ ವರದಿ ಬರೆದು ಕಳುಹಿಸಿದ್ದೆ. ಈಗ ತೆರೆದು ನೋಡಿದರೆ ಮೇಲೆ ನನ್ನ ಹೆಸರು, ನನ್ನ ಫೋಟೋ. ಕೆಳಗೆ ಆ ಹೇಳಿಕೆ. ಟೈರ್ ಗೋಡೆಯ ಸುದ್ದಿ ಇಲ್ಲ. ರೂಬೆನ್ ಹೆಸರಿಲ್ಲ.

ಎಡಿಟರ್ ರಾಕೇಶ್‌ಗೆ ಫೋನ್. ಬೆಂಗಳೂರಿನಲ್ಲಿ ಒಂದೇ ಪತ್ರಿಕೆಯಲ್ಲಿ ಕೆಲಸ ಕಲಿತವರು ನಾವು.

"ನಾನ್ ಬರ್ದಿದ್ದು ಎಲ್ಲೋ?"

"ಲೀಗಲ್ ಪ್ರಾಬ್ಲಮ್ ಆಗತ್ತೆ ಕಣೇ. ಎನ್‌ಕ್ವೈರಿ ಮುಗೀಲಿ."

"ಹಾಗಿದ್ರೆ ಏನೂ ಹಾಕ್ಬಾರ್ದಿತ್ತು. ಅವರ ಸುಳ್ಳನ್ನ ನನ್ನ ಹೆಸರಲ್ಲಿ ಯಾಕ್ ಹಾಕ್ದೆ?"

"ಇಲ್ಲಾಂದ್ರೆ ಸೀಸನ್ ಪೂರ್ತಿ ಪಾಸ್ ಕೊಡಲ್ಲ ಅವ್ರು. ನಿನ್ನ ವರ್ಕ್ ಪರ್ಮಿಟ್ ಇರೋದೂ ಈ ಕೆಲಸದ ಮೇಲೇನೇ. ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು."

ಬೆದರಿಕೆ. ಅದೂ ಅಕ್ಕರೆಯ ದನಿಯಲ್ಲಿ. ಫೋನನ್ನು ಸೋಫಾ ಮೇಲೆ ಎಸೆದೆ. ಗೋಡೆಗೆ ಎಸೆಯಬೇಕಿತ್ತು.

ಮೇ 15, ಗುರುವಾರ. ಆಸ್ಪತ್ರೆಯಿಂದ ಬರುವ ರೈಲಿನಲ್ಲಿ

ಮೈಥಿಲಿ ಅಕ್ಕ, ಸಾರ್ ಹೆಂಡತಿ, ಕಾರಿಡಾರಿನಲ್ಲೇ ತಡೆದರು. ಫೋನ್ ನನ್ನ ಮುಖಕ್ಕೆ ಹಿಡಿದರು.

"ಇದು ನೀನು ಬರ್ದಿದ್ದಾ ಜವೇರಿಯಾ?"

"ಇಲ್ಲ ಅಕ್ಕ. ಬದಲಾಯ್ಸಿದಾರೆ."

"ಹೆಸರು ನಿಂದೇ ಇದೆಯಲ್ಲ." ಅವರ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ಆಪರೇಷನ್ ಆದ್ಮೇಲೆ ಅವ್ರು ಮೊದಲು ಓದಿದ್ದೇ ಇದನ್ನ. ಗೋಡೆ ಕಡೆ ಮುಖ ತಿರುಗಿಸ್ಕೊಂಡ್ರು."

ಒಳಗೆ ಹೋದೆ. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ನಿಜ ಏನೆಂದು ಎಲ್ಲರ ಮುಂದೆ ಹೇಳುತ್ತೇನೆ ಸಾರ್ ಎಂದೆ.

"ಹೇಳಿ ಆದ್ಮೇಲೆ ಬಾ."

ಅಷ್ಟೇ.

ಮೇ 22, ಗುರುವಾರ. ನೂರ್ಡ್‌ವೈಕ್

ಸಮುದ್ರದೆದುರಿನ ಹೋಟೆಲ್. ಮುಂದಿನ ರೇಸಿನ ಪತ್ರಿಕಾಗೋಷ್ಠಿ. ಬಿಳಿ ಮೇಜುಬಟ್ಟೆ, ಪುಟ್ಟ ಪುಟ್ಟ ಕೇಕ್. ವೇದಿಕೆಯ ಮೇಲೆ ಸಂಘಟಕರ ಅಧ್ಯಕ್ಷ, ಪಕ್ಕದಲ್ಲಿ ರೂಬೆನ್.

ಮೈಕ್ ಸಿಕ್ಕಿತು. "ಯತಿರಾಜ್ ಅವರನ್ನು ಆ ಜಾಗದಲ್ಲಿ ನಿಲ್ಲಿಸಿದ್ದು ಯಾರು?"

"ತನಿಖೆ ನಡೆಯುತ್ತಿದೆ," ಅಧ್ಯಕ್ಷ.

"ನಿಮ್ಮನ್ನು ಕೇಳಲಿಲ್ಲ. ರೂಬೆನ್, ನೀವು ಹೇಳಿ."

ರೂಬೆನ್ ನೀರಿನ ಲೋಟ ತಿರುಗಿಸುತ್ತಾ ಕೂತ. ಮೈಕ್ ಕಿತ್ತುಕೊಂಡರು. ಮೈಕ್ ಇಲ್ಲದೆಯೇ ಹೇಳಿದೆ. ತೆಗೆದ ಗೋಡೆ, ಬೋರ್ಡು, ಅವನಾಡಿದ ಮಾತು, ಎಲ್ಲ. ಜೊತೆಯಲ್ಲಿ ಟ್ಯಾಕ್ಸಿ ಹಂಚಿಕೊಂಡವರು, ನನ್ನ ಚಾರ್ಜರ್ ಕೇಳಿ ಪಡೆದವರು, ಎಲ್ಲರೂ ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದರು. ಹೇಡಿಗಳು. ಬಾಗಿಲಲ್ಲಿ ಪಾಸ್ ಕಸಿದುಕೊಂಡರು.

ಬೀಚಿನ ಬೆಂಚಿನ ಮೇಲೆ ಕೂತು ಮೂಲ ವರದಿಯನ್ನು ನನ್ನದೇ ಪೇಜಿನಲ್ಲಿ ಹಾಕಿದೆ. ರಾಕೇಶ್‌ಗೆ ರಾಜೀನಾಮೆ ಕಳುಹಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಸ್ವಲ್ಪ ಭಯವೂ ಇದೆ. ಪರ್ಮಿಟ್ ಏನಾಗುತ್ತದೋ.

ಮೇ 24, ಶನಿವಾರ. ಆಸ್ಪತ್ರೆ

ಸಾರ್ ದಿಂಬಿಗೆ ಒರಗಿ ಕೂತಿದ್ದರು.

"ಮೈಕ್ ಕಿತ್ಕೊಂಡ್ರಂತೆ?"

"ಹೂಂ ಸಾರ್."

"ಹಿಂದೆ ಕೂತೋರಿಗೆ ಕೇಳ್ಸ್ತಾ?"

"ಬೀಚಿನಲ್ಲಿರೋರಿಗೂ ಕೇಳ್ಸಿರತ್ತೆ."

ನಗಲು ಹೋದರು. ಅವರಿಗೆ ಅಳು ಬಂತು. ನನ್ನ ಕೈ ಹಿಡಿದುಕೊಂಡರು. ಪೊಲೀಸರಿಗೂ ಹೇಳಿಕೆ ಕೊಡು ಎಂದರು ಮೈಥಿಲಿ ಅಕ್ಕ. ಕೊಡುತ್ತೇನೆ.

ಜೂನ್ 3, ಮಂಗಳವಾರ. ಪೊಲೀಸ್ ಠಾಣೆ

ಒಳಗೆ ಕರೆಯಲೆಂದು ಕಾಯುತ್ತಾ ಬರೆಯುತ್ತಿದ್ದೇನೆ. ಬೆಂಚಿನ ಆ ತುದಿಗೆ ಯಾರೋ ಬಂದು ಕೂತರು. ರೂಬೆನ್! ರಕ್ತ ಕುದಿಯಿತು.

"ಕ್ಷಮೆ ಕೇಳುವುದಿದ್ದರೆ ನನ್ನ ಹತ್ತಿರ ಅಲ್ಲ," ಎಂದೆ. "ಆಸ್ಪತ್ರೆಗೆ ಹೋಗಿ."

"ಹೋಗಿದ್ದೆ. ಅವರ ಹೆಂಡತಿ ಒಳಗೆ ಬಿಡಲಿಲ್ಲ. ಮೊದಲು ಪೊಲೀಸರಿಗೆ ಹೇಳಿ ಬನ್ನಿ ಎಂದರು."

"ಏನು ಹೇಳುತ್ತೀರಿ?"

ಬಾಗಿಲಿನ ಕಡೆ ತಿರುಗಿದ. ಮುಖ ಬಿಳಿಚಿದೆ. ಕನಿಕರ ಬರಲಿಲ್ಲ ನನಗೆ. ಬರಬಾರದು.

ಮೊದಲು ಅವನನ್ನೇ ಕರೆದರು. ಕೋಟಿನ ಗುಂಡಿ ಹಾಕಿಕೊಂಡು ಹೋದ. ಬಾಗಿಲಿನಲ್ಲಿ ಉದ್ದನೆಯ ಗಾಜು, ಕಾಣಿಸುತ್ತಿದ್ದಾನೆ. ಅಧಿಕಾರಿ ಏನೋ ಕೇಳುತ್ತಿದ್ದಾರೆ. ಇವನು ಕೈಗಳನ್ನೇ ನೋಡುತ್ತಾ ಕೂತಿದ್ದಾನೆ, ಅವತ್ತು ಪತ್ರಿಕಾಗೋಷ್ಠಿಯಲ್ಲಿ ಲೋಟ ನೋಡುತ್ತಾ ಕೂತ ಹಾಗೇ. ಹೇಳು. ಬಾಯಿ ಬಿಡು. ಈಗ ತಲೆ ಎತ್ತಿದ, ಬಾಯಿ ತೆರೆದ. ಅಧಿಕಾರಿ ಪೆನ್ನು ತೆಗೆದುಕೊಂಡು ಬರೆಯತೊಡಗಿದರು.